ಒಂದೂವರೆ ತಾಸು

ಬೈರಿದೇವರಕೊಪ್ಪದಲ್ಲಿ ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ರೊಟ್ಟಿ ಕೇಂದ್ರ ತೆಗೆದಾಗ ನನಗೇ ರೊಟ್ಟಿ ಬಡಿಯಲು ಸರಿಯಾಗಿ ಬರುತ್ತಿರಲಿಲ್ಲ. ಈಗ ಹೇಳಿದರೆ ಯಾರೂ ನಂಬುವುದಿಲ್ಲ. ನಾನು ಬಡಿದ ರೊಟ್ಟಿ ಅಂಚಿನಲ್ಲಿ ಸೀಳುತ್ತಿತ್ತು, ಹಂಚಿನ ಮೇಲೆ ಹಾಕುವಾಗ ಮಡಚಿಕೊಳ್ಳುತ್ತಿತ್ತು. ಕಲಿಸಿದವಳು ದೊಡ್ಡಕ್ಕ. ಅವಳು ನನ್ನ ಬಳಗದವಳಲ್ಲ. ಉಣಕಲ್ಲಿನಿಂದ ದಿನಾ ಬೆಳಗಿನ ಬಸ್ಸಿಗೆ ಬರುತ್ತಿದ್ದ ಹೆಂಗಸು, ನನಗಿಂತ ಹದಿನೈದು ವರ್ಷ ದೊಡ್ಡವಳು. ಕೇಂದ್ರದ ಹೆಂಗಸರೆಲ್ಲ ಅವಳನ್ನು ದೊಡ್ಡಕ್ಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೇ ಕರೆದೆ. ಹಿಟ್ಟಿಗೆ ಕುದಿಯುವ ನೀರು ಸುರಿದು, ಅದು ಇನ್ನೂ ಹೊಗೆಯಾಡುತ್ತಿರುವಾಗಲೇ ಕೈ ಹಾಕಿ ನಾದುತ್ತಿದ್ದಳು. ಅವಳು ಬಡಿದ ರೊಟ್ಟಿಯನ್ನು ಕಿಟಕಿಗೆ ಹಿಡಿದರೆ ಬೆಳಕು ಎಲ್ಲ ಕಡೆಯೂ ಒಂದೇ ಸಮ ಕಾಣುತ್ತಿತ್ತು.

ನಲವತ್ತು ವರ್ಷ ನೆಲದ ಮೇಲೆ ಕುಳಿತು, ಮುಂದೆ ಬಾಗಿ, ಬಲಗೈಯಿಂದ ಬಡಿಯುತ್ತ ಬಂದವಳ ಬೆನ್ನು ಏನಾಗಿರಬೇಕು? ನಾನು ಅದನ್ನು ಯೋಚಿಸಿರಲಿಲ್ಲ. ಅವಳು ಏಳುವಾಗ ಗೋಡೆ ಹಿಡಿಯುವುದನ್ನು ನೋಡಿದ್ದೆ. ಆಮೇಲೆ ಗೋಡೆಯ ಜೊತೆಗೆ ಇನ್ನೊಬ್ಬರ ಭುಜವನ್ನೂ ಹಿಡಿಯತೊಡಗಿದಳು. ಮಧ್ಯಾಹ್ನ ಊಟವಾದ ಮೇಲೆ ಎಲ್ಲರೂ ಕಾಲು ಚಾಚಿ ಕುಳಿತರೆ ಅವಳು ಮಾತ್ರ ಬೋರಲಾಗಿ ಮಲಗಿ, ಕಾಯಿಸಿದ ಹಂಚನ್ನು ಅರಿವೆಯಲ್ಲಿ ಸುತ್ತಿ ಟೊಂಕದ ಮೇಲೆ ಇಡಿಸಿಕೊಳ್ಳುತ್ತಿದ್ದಳು. ಎಲುಬಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಬೆನ್ನುಮೂಳೆಗಳ ನಡುವಿನ ಬಿಲ್ಲೆಗಳು ಸವೆದಿವೆ, ಮೊಣಕಾಲೂ ಸವೆದಿದೆ, ನೆಲದ ಮೇಲೆ ಕೂರುವುದನ್ನು ಬಿಡಬೇಕು ಎಂದು ಅವರು ಹೇಳಿದರು. ನೋವಿನ ಗುಳಿಗೆ ಬರೆದುಕೊಟ್ಟರು. ಗುಳಿಗೆ ನುಂಗಿದರೆ ಹೊಟ್ಟೆ ಉರಿಯುತ್ತಿತ್ತು, ಬಿಟ್ಟರೆ ಟೊಂಕ ಹಿಡಿಯುತ್ತಿತ್ತು.

ನಮ್ಮ ಮನೆಯಿಂದ ಮೂರು ಮನೆ ಆಚೆ ಹಲ್ಲಿನ ಡಾಕ್ಟರರ ಮನೆ. ಅವರ ದವಾಖಾನೆ ಹಳೇ ಹುಬ್ಬಳ್ಳಿಯಲ್ಲಿತ್ತು. ಅಜ್ಜನ ಕಾಲದಲ್ಲಿ ಕಲಕತ್ತೆಯಿಂದ ಬಂದು ನೆಲೆಸಿದ ಚೀನೀ ಮೂಲದ ಮನೆತನ ಅವರದು. ಹಲ್ಲು ಕಟ್ಟುವುದು ತಲೆಮಾರಿನ ಕಸುಬು. ಅವರ ಹೆಂಡತಿಯನ್ನು ಓಣಿಯವರೆಲ್ಲ ಕಾಕು ಎನ್ನುತ್ತಿದ್ದರು. ಕಲಕತ್ತೆಯಲ್ಲಿ ಹುಟ್ಟಿ, ಮದುವೆಯಾಗಿ ಇಲ್ಲಿಗೆ ಬಂದು, ಮಕ್ಕಳ ಸಾಲಿ ಪುಸ್ತಕ ನೋಡಿ ಕನ್ನಡ ಓದಲು ಬರೆಯಲು ಕಲಿತವರು. ಮಾತು ಮಾತ್ರ ಓಣಿಯಿಂದಲೇ ಕಲಿತದ್ದು. ಕಣ್ಣು ಮುಚ್ಚಿಕೊಂಡು ಕೇಳಿದರೆ ಧಾರವಾಡದ ಯಾವುದೋ ವಾಡೆಯ ಹೆಣ್ಣುಮಗಳು ಮಾತಾಡಿದಂತಿರುತ್ತಿತ್ತು. ವಾರಕ್ಕೆರಡು ಸಲ ನಮ್ಮಲ್ಲಿ ರೊಟ್ಟಿ ಒಯ್ಯುತ್ತಿದ್ದರು, ದೊಡ್ಡಕ್ಕನ ಕೈಯ ರೊಟ್ಟಿಯೇ ಬೇಕು ಅವರಿಗೆ.

ಒಂದು ದಿನ ರೊಟ್ಟಿ ಒಯ್ಯಲು ಬಂದಾಗ ದೊಡ್ಡಕ್ಕ ಬೋರಲಾಗಿ ಮಲಗಿದ್ದಳು. ಕಾಕು ಚಪ್ಪಲಿ ಬಿಟ್ಟು ಒಳಗೆ ಬಂದು, ಯಾರನ್ನೂ ಕೇಳದೆ ಅವಳ ಪಕ್ಕದಲ್ಲಿ ಕುಳಿತು, ಬೆನ್ನುಮೂಳೆಯ ಮೇಲೆ ಹೆಬ್ಬೆರಳನ್ನು ಒತ್ತುತ್ತ ಇಳಿದರು. ನೋವು ಚಳಿಗೆ ಹೆಚ್ಚೋ ಸೆಕೆಗೆ ಹೆಚ್ಚೋ, ಒಂದೇ ಕಡೆ ಇರುತ್ತದೋ ಓಡಾಡುತ್ತದೋ, ಬೆಳಗ್ಗೆ ಎದ್ದ ಕೂಡಲೆ ಕಾಲು ಭಾರವೋ ಎಂದೆಲ್ಲ ಕೇಳಿದರು. ನಾಲಿಗೆ ತೆಗೆಸಿ ನೋಡಿದರು. ಎರಡೂ ಮಣಿಕಟ್ಟಿನ ನಾಡಿಯನ್ನು ಮೂರು ಬೆರಳಿಟ್ಟು ಬಹಳ ಹೊತ್ತು ಹಿಡಿದರು. ಅವರ ತಂದೆ ಕಲಕತ್ತೆಯಲ್ಲಿ ಗಿಡಮೂಲಿಕೆಯ ವೈದ್ಯರಾಗಿದ್ದರಂತೆ. ತಮ್ಮ ಈಗಲೂ ಆ ಅಂಗಡಿ ನಡೆಸುತ್ತಿದ್ದಾನೆ, ತಂದೆಯ ಕೈಬರಹದ ಪುಸ್ತಕ ಮಾತ್ರ ಇಲ್ಲಿ ತನ್ನ ಬಳಿಯೇ ಇದೆ ಎಂದು ಆ ದಿನ ನಮಗೆ ಹೇಳಿದರು.

ಹದಿನೈದು ದಿನಕ್ಕೆ ಕಲಕತ್ತೆಯಿಂದ ಪಾರ್ಸಲ್ ಬಂತು. ಒಳಗಿದ್ದ ಒಂದೊಂದನ್ನೂ ಅವರು ನಮ್ಮ ಕಟ್ಟೆಯ ಮೇಲೆ ಕಾಗದ ಹಾಸಿ ತೋರಿಸಿದರು. ಒಂದು ದಪ್ಪ ತೊಗಟೆಯನ್ನು ನನ್ನ ಕೈಯಲ್ಲಿ ಮುರಿಸಿದರು. ತೊಗಟೆ ಎರಡು ತುಂಡಾಯಿತು, ಆದರೆ ನಡುವೆ ಬೆಳ್ಳಗಿನ ರೇಷ್ಮೆಯಂಥ ಎಳೆಗಳು ಹರಿಯದೆ ಜಗ್ಗುತ್ತ ಉಳಿದವು. ಟೊಂಕಕ್ಕೆ ಇದೇ ಮುಖ್ಯ, ಎಲುಬಿಗೂ ನರಕ್ಕೂ ಹೀಗೇ ಹಿಡಿತ ಕೊಡುತ್ತದೆ ಎಂದು ತಂದೆ ಹೇಳುತ್ತಿದ್ದರಂತೆ. ಹಿಪ್ಪುನೇರಳೆ ಗಿಡದ ಮೇಲೆ ಬೆಳೆಯುವ ಬದನಿಕೆಯ ಕಡ್ಡಿ ಇತ್ತು, ಮೊಣಕಾಲಿಗೆಂದು ಒಂದು ಸಣ್ಣ ಬೇರು ಇತ್ತು, ಹೆಸರು ನನ್ನ ನಾಲಿಗೆಗೆ ಹೊರಳದ ಇನ್ನೂ ಏಳೆಂಟು ಇದ್ದವು. ದಾಲ್ಚಿನ್ನಿ, ಜ್ಯೇಷ್ಠಮಧು, ಶುಂಠಿಯನ್ನು ಇಲ್ಲಿಯ ಗ್ರಂಥಿಗೆ ಅಂಗಡಿಯಲ್ಲೇ ತಂದಿದ್ದರು. ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿ, ಮಣ್ಣಿನ ಗಡಿಗೆಯಲ್ಲಿ ಕುದಿಸಿ, ದಿನಾ ಬೆಳಗ್ಗೆ ಒಂದು ಸ್ಟೀಲ್ ಡಬ್ಬಿಯಲ್ಲಿ ಕಷಾಯ ತಂದುಕೊಡುತ್ತಿದ್ದರು. ಕೊಡುವುದಕ್ಕೆ ಮೊದಲು ತಾವೇ ಒಂದು ಚಮಚ ಕುಡಿಯುತ್ತಿದ್ದರು.

ದೊಡ್ಡಕ್ಕನಿಗೆ ಗುಣ ಕಂಡಿತು. ಕಷಾಯದಿಂದಲೋ, ಕಾಕು ದಿನಾ ಅರ್ಧ ತಾಸು ಬೆನ್ನು ತಿಕ್ಕುತ್ತಿದ್ದುದರಿಂದಲೋ, ಅವರು ಬೈದು ಬೈದು ಅವಳನ್ನು ತಾಸಿಗೊಮ್ಮೆ ಎಬ್ಬಿಸಿ ಓಡಾಡಿಸುತ್ತಿದ್ದುದರಿಂದಲೋ ನನಗೆ ಗೊತ್ತಿಲ್ಲ. ಸವೆದ ಎಲುಬು ಮತ್ತೆ ಬೆಳೆಯುವುದಿಲ್ಲ, ನೋವು ತಗ್ಗಿದರೆ ಅದೇ ಪುಣ್ಯ ಎಂದು ಕಾಕು ಮೊದಲೇ ಹೇಳಿದ್ದರು. ಎರಡು ತಿಂಗಳಿಗೆ ದೊಡ್ಡಕ್ಕ ಗೋಡೆ ಹಿಡಿಯದೆ ಎದ್ದಳು. ಆ ದಿನ ಅವಳು ಬಾಗಿಲವರೆಗೆ ಹೋಗಿ ತಿರುಗಿ ಬಂದು ನಮ್ಮನ್ನೆಲ್ಲ ನೋಡಿದ ಮುಖ ಇನ್ನೂ ನೆನಪಿದೆ.

ಒಲೆಗಳನ್ನು ಕಟ್ಟೆಯ ಮೇಲೆ ಏರಿಸು, ನಿಂತು ಬಡಿಯುವಂತೆ ಮಾಡು, ಔಷಧ ಅರ್ಧ ಕೆಲಸ ಮಾಡಿದರೆ ಉಳಿದರ್ಧ ಅದೇ ಎಂದು ಕಾಕು ನನಗೆ ಮತ್ತೆ ಮತ್ತೆ ಹೇಳಿದರು. ಹ್ಞೂಂ ಎಂದೆ. ನಿಂತು ಬಡಿದರೆ ಹೆಂಗಸರ ಕೈ ನಿಧಾನವಾಗುತ್ತದೆ, ಅಭ್ಯಾಸವಾಗುವವರೆಗೆ ದಿನದ ರೊಟ್ಟಿ ಕಡಿಮೆಯಾಗುತ್ತದೆ ಎಂದು ನನ್ನ ಲೆಕ್ಕ. ಸುಗ್ಗಿ ಮುಗಿದ ಮೇಲೆ ನೋಡೋಣ ಎಂದು ಮುಂದೂಡಿದೆ.

ಚಳಿಗಾಲ ಬಂದಾಗ ನೋವು ಮತ್ತೆ ತಲೆ ಎತ್ತಿತು. ಚಳಿಗೆ ಸಂದು ಹಿಡಿಯುವುದಕ್ಕೆ ತಂದೆಯ ಪುಸ್ತಕದಲ್ಲಿ ಬೇರೆ ಪಾಠವಿದೆ ಎಂದು ಕಾಕು ಹೇಳಿದರು. ಅದರಲ್ಲಿ ಒಂದು ಕಪ್ಪು ಬೇರಿನ ಬಿಲ್ಲೆಗಳು ಸೇರುತ್ತಿದ್ದವು. ಅದನ್ನು ನಮಗೆ ಮುಟ್ಟಲು ಬಿಡಲಿಲ್ಲ. ನಮ್ಮ ಕಡೆ ಬಚನಾಗ ಅನ್ನುವ ವಿಷದ ಬೇರಿನ ಜಾತಿಯದೇ ಅದು. ಮೊದಲು ಅದನ್ನು ಬರೀ ಶುಂಠಿ, ಜ್ಯೇಷ್ಠಮಧುವಿನ ಜೊತೆ ಒಂದೂವರೆ ತಾಸು ಕುದಿಸಿದರೆ ವಿಷ ಮುರಿಯುತ್ತದೆ, ಉಳಿದವನ್ನು ಆಮೇಲೆ ಹಾಕಬೇಕು. ಕುದಿಸಿದ ನೀರನ್ನು ಒಂದು ಹನಿ ನಾಲಿಗೆಗೆ ಹಚ್ಚಿ ನೋಡಬೇಕು. ನಾಲಿಗೆ ಚುಮುಚುಮು ಅಂದರೆ ಇನ್ನೂ ಕುದಿಯಬೇಕು. ಕಾಕು ಇದನ್ನು ಬೆಳಗಿನ ಐದು ಗಂಟೆಗೇ ಎದ್ದು ಮಾಡುತ್ತಿದ್ದರು. ದೊಡ್ಡಕ್ಕ ಮೂರು ವಾರ ಕುಡಿದಳು, ಏನೂ ಅಪಾಯವಾಗಲಿಲ್ಲ. ಸಂದುಗಳು ಸಡಿಲಾದವು.

ಆಗ ಕಲಕತ್ತೆಯಲ್ಲಿ ಕಾಕುವಿನ ಅಕ್ಕ ಹಾಸಿಗೆ ಹಿಡಿದರೆಂದು ಸುದ್ದಿ ಬಂತು. ಕಾಕು ಒಂದು ತಿಂಗಳಾದರೂ ಹೋಗಿ ಇರಲೇಬೇಕಿತ್ತು. ಹೊರಡುವ ಮುನ್ನ ನಮ್ಮ ಮನೆಗೆ ಬಂದು, ತಾವು ಬರುವವರೆಗೆ ಕಷಾಯ ನಿಲ್ಲಿಸೋಣ ಎಂದರು. ನಾನು ಒಪ್ಪಲಿಲ್ಲ. ಎಳ್ಳಮಾವಾಸ್ಯೆ ಹತ್ತಿರವಿತ್ತು. ಅದರ ಬೆನ್ನಿಗೆ ಸಂಕ್ರಮಣ. ಆ ಎರಡು ಹಬ್ಬಕ್ಕೆ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಕಡಕ್ ರೊಟ್ಟಿ ಎಂದು ಹುಬ್ಬಳ್ಳಿ ಧಾರವಾಡದ ಅರ್ಧ ಮನೆಗಳು ನಮ್ಮಂಥವರ ಬಾಗಿಲಿಗೆ ಬರುತ್ತವೆ. ದೊಡ್ಡಕ್ಕ ಆಗ ಮಲಗಿಬಿಟ್ಟರೆ ನನ್ನ ಕೇಂದ್ರವೇ ಮಲಗಿದಂತೆ. ಅವಳ ನೋವಿನ ಮೇಲಿನ ಮರುಕವೂ ನನಗಿತ್ತು, ಇಲ್ಲವೆನ್ನಲಾರೆ. ಆದರೆ ಆ ಹೊತ್ತಿನಲ್ಲಿ ನನಗೆ ಬೇಕಾಗಿದ್ದದ್ದು ಅವಳ ಕೈ. ನಾನೇ ಕುದಿಸಿ ಕೊಡುತ್ತೇನೆ, ನೀವು ಹೇಳಿದಂತೆಯೇ ಮಾಡುತ್ತೇನೆ ಎಂದು ಕಾಡಿದೆ.

ಕಾಕು ಒಲ್ಲದ ಮನಸ್ಸಿನಿಂದ ಒಪ್ಪಿದರು. ಮರುದಿನ ಒಂದೊಂದು ದಿನದ್ದು ಬೇರೆ ಬೇರೆ ಕಟ್ಟಿದ ಪೊಟ್ಟಣಗಳನ್ನು ತಂದರು. ಕಪ್ಪು ಬೇರು, ಶುಂಠಿ, ಜ್ಯೇಷ್ಠಮಧು ಸಣ್ಣ ಕೆಂಪು ಕಾಗದದಲ್ಲಿ, ಉಳಿದದ್ದು ಬಿಳಿ ಕಾಗದದಲ್ಲಿ. ಜೊತೆಗೆ ಒಂದು ಚೀಟಿ. ಉರುಟು ಉರುಟಾದ ಅಕ್ಷರದಲ್ಲಿ ‘ಮೊದಲು ಕೆಂಪು. ಒಂದೂವರೆ ತಾಸು. ಮಣ್ಣಿನ ಗಡಿಗೆ. ನಾಲಿಗೆಗೆ ಹಚ್ಚಿ ನೋಡು. ಆಮೇಲೆ ಬಿಳಿ’ ಎಂದು ಬರೆದಿದ್ದರು.

“ಒಂದೂವರೆ ತಾಸು ಸಿಗದ ದಿನ ಕೊಡಬ್ಯಾಡ,” ಎಂದರು. “ಒಂದಿನ ಬಿಟ್ರ ನೋವು ಹೆಚ್ಚಾಕ್ಕೈತಿ, ಅಷ್ಟ. ತಪ್ಪಿ ಕೊಟ್ರ ಜೀವಕ್ಕ ಬರ್ತೈತಿ. ತಿಳೀತಿಲ್ಲೋ?”

ತಿಳಿಯಿತು ಎಂದೆ.

ಮೊದಲ ವಾರ ಅಕ್ಷರಕ್ಷರ ಹಾಗೇ ಮಾಡಿದೆ. ಗಡಿಯಾರ ನೋಡಿ ಕುದಿಸಿದೆ, ನಾಲಿಗೆಗೆ ಹಚ್ಚಿಕೊಂಡೆ. ಎರಡನೆಯ ವಾರ ಕೆಲಸ ಏರಿತು. ಒಂದೂವರೆ ತಾಸು ಒಂದೂಕಾಲಾಯಿತು, ಒಂದಾಯಿತು. ಏನೂ ಆಗಲಿಲ್ಲವಲ್ಲ ಎಂದು ಧೈರ್ಯ ಬಂತು. ನಾಲಿಗೆಗೆ ಹಚ್ಚಿ ನೋಡುವುದನ್ನು ಬಿಟ್ಟೆ, ಯಾವ ದಿನ ಬಿಟ್ಟೆನೆಂದು ನೆನಪೂ ಇಲ್ಲ. ಅಮಾವಾಸ್ಯೆಗೆ ಎರಡು ದಿನವಿದ್ದಾಗ ಬೆಳಗ್ಗೆ ನಾಲ್ಕೂ ಒಲೆಗಳ ಮೇಲೆ ಹಂಚುಗಳಿದ್ದವು. ಗಡಿಗೆಗೆ ಜಾಗವಿರಲಿಲ್ಲ. ಆರು ಹೆಂಗಸರು ಸಾಲಾಗಿ ಕುಳಿತು ಬಡಿಯುತ್ತಿದ್ದರು, ದೊಡ್ಡಕ್ಕ ಎಲ್ಲರಿಗಿಂತ ಮುಂದೆ. ಅವಳು ಒಮ್ಮೆ ಟೊಂಕಕ್ಕೆ ಕೈ ಇಟ್ಟುಕೊಂಡಿದ್ದನ್ನು ನೋಡಿದೆ. ಒಳಗಿನ ಗ್ಯಾಸಿನ ಮೇಲೆ ಕುಕ್ಕರಿಟ್ಟೆ. ಕೆಂಪು ಪೊಟ್ಟಣ, ಬಿಳಿ ಪೊಟ್ಟಣ ಎರಡನ್ನೂ ಒಟ್ಟಿಗೆ ಸುರಿದು ನಾಲ್ಕು ಸೀಟಿ ಹೊಡೆಸಿದೆ. ಇಪ್ಪತ್ತು ನಿಮಿಷವೂ ಆಗಿರಲಿಕ್ಕಿಲ್ಲ. ಕುಕ್ಕರಿನಲ್ಲಿ ಎಲ್ಲವೂ ಲಗೂನೆ ಬೇಯುತ್ತದೆ, ಇದೂ ಬೆಂದಿರುತ್ತದೆ ಎಂದುಕೊಂಡೆ. ಸೋಸಿ, ಆರಿಸಿ, ಕೊಟ್ಟೆ. ದೊಡ್ಡಕ್ಕ ಕೈಯ ಹಿಟ್ಟನ್ನೂ ತೊಳೆಯದೆ, ಲೋಟವನ್ನು ಎರಡು ಮಣಿಕಟ್ಟಿನ ನಡುವೆ ಹಿಡಿದು ಒಂದೇ ಗುಟುಕಿಗೆ ಕುಡಿದಳು.

ಅರ್ಧ ತಾಸಿಗೆ ತುಟಿ ಜೋಮು ಹಿಡಿದಂತಾಗುತ್ತಿದೆ ಎಂದಳು. ನಾಲಿಗೆ ಉಬ್ಬಿದಂತಿದೆ ಎಂದಳು. ಯಾರೋ ನಕ್ಕರು, ಮಾತು ಕಡಿಮೆಯಾಗಲಿ ಬಿಡು ಎಂದರು. ಆಮೇಲೆ ಅವಳ ಕೈಯಿಂದ ರೊಟ್ಟಿ ಜಾರಿ ಬಿತ್ತು. ಬೆರಳು ನನ್ನವಲ್ಲ ಅನ್ನಿಸುತ್ತಿದೆ ಎಂದಳು. ವಾಂತಿಯಾಯಿತು. ಎದೆ ಹಿಡಿದುಕೊಂಡಳು. ನಾನು ಅವಳ ನಾಡಿ ಹಿಡಿದೆ, ಅದು ಓಡುತ್ತಿತ್ತು, ತಪ್ಪುತ್ತಿತ್ತು, ನಿಲ್ಲುತ್ತಿತ್ತು, ಮತ್ತೆ ಓಡುತ್ತಿತ್ತು. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆಗೆ ಒಯ್ದೆವು. ದಾರಿಯುದ್ದಕ್ಕೂ ನಾನು ಅವಳ ಕೈಯ ಹಿಟ್ಟನ್ನು ಸೆರಗಿನಿಂದ ಒರೆಸುತ್ತಿದ್ದೆ, ಅದು ಒಣಗಿ ಬಿಳಿಯ ಹಕ್ಕಳೆಯಾಗಿತ್ತು.

ಎದೆಗೆ ತಂತಿ ಹಚ್ಚಿದರು, ಸಲಾಯಿನ್ ಏರಿಸಿದರು. ಚಿಕ್ಕ ವಯಸ್ಸಿನ ಡಾಕ್ಟರಮ್ಮ ಏನು ತಿಂದಿದ್ದರು, ಏನು ಕುಡಿದಿದ್ದರು ಎಂದು ಕೇಳಿದರು. ಚೀನೀ ಕಷಾಯ ಎಂದೆ. ಕಪ್ಪು ಬೇರಿನ ವಿಷಯ ಹೇಳಿದೆ, ಅಷ್ಟರ ಮಟ್ಟಿಗೆ ಸತ್ಯ ಹೇಳಿದೆ. ಅವರಿಗೆ ತಕ್ಷಣ ತಿಳಿಯಿತು. ಅದನ್ನು ಬಹಳ ಹೊತ್ತು ಕುದಿಸಬೇಕಲ್ಲ, ಎಷ್ಟು ಹೊತ್ತು ಕುದಿಸಿದಿರಿ ಎಂದು ಕೇಳಿದರು.

“ಕೊಟ್ಟವರು ಹೇಳಿದಷ್ಟ ಕುದಿಸೇನ್ರಿ,” ಎಂದೆ.

ನನ್ನ ಪಕ್ಕದಲ್ಲಿ ದೊಡ್ಡಕ್ಕನ ಮಗಳು ನಿಂತಿದ್ದಳು. ಕೇಂದ್ರದ ಇಬ್ಬರು ಹೆಂಗಸರು ನಿಂತಿದ್ದರು. ಆ ಮಾತು ಅವರ ಜೊತೆ ಆಸ್ಪತ್ರೆಯಿಂದ ಹೊರಗೆ ಹೋಯಿತು. ಸಂಜೆ ನಾನು ಮನೆಗೆ ಬಂದು ಮೊದಲು ಮಾಡಿದ ಕೆಲಸವೆಂದರೆ ಕಪಾಟಿನೊಳಗಿನ ಚೀಟಿಯನ್ನು ತೆಗೆದು ಹಂಚಿನ ಕೆಳಗಿನ ಬೆಂಕಿಗೆ ಹಾಕಿದ್ದು. ಉಳಿದ ಪೊಟ್ಟಣಗಳನ್ನು ಹಿತ್ತಲಲ್ಲಿ ಹೂತೆ.

ದೊಡ್ಡಕ್ಕ ಬದುಕಿದಳು. ಎರಡು ದಿನ ಎದೆಯ ಬಡಿತ ಹದಕ್ಕೆ ಬರಲಿಲ್ಲ, ಮೂರನೆಯ ದಿನ ಬಂತು. ಆ ವರ್ಷದ ಎಳ್ಳಮಾವಾಸ್ಯೆಗೆ ನಾನು ಹೇಗೋ ರೊಟ್ಟಿ ಕಳಿಸಿದೆ. ಯಾರಿಗೂ ಕೊರತೆಯಾಗಲಿಲ್ಲ.

ಅಕ್ಕ ತೀರಿಕೊಂಡ ಮೇಲೆ ಕಾಕು ಊರಿಗೆ ಬಂದರು. ಅಷ್ಟರೊಳಗೆ ಓಣಿಯಲ್ಲಿ ಸುದ್ದಿ ಹಳಸಿ ಹೋಗಿತ್ತು. ಆಕೆ ವಿಷ ಕೊಟ್ಟಳಂತೆ ಎಂದವರಿದ್ದರು, ಪಾಪ ವಯಸ್ಸಾಯಿತು ಎಂದವರೂ ಇದ್ದರು. ಬ್ಯಾಗು ಮನೆಯೊಳಗಿಟ್ಟು ಅವರು ನೇರ ನನ್ನ ಹತ್ತಿರ ಬಂದರು. ಸಿಟ್ಟಿರಲಿಲ್ಲ ಮುಖದಲ್ಲಿ. ಬಾಗಿಲಲ್ಲೇ ನಿಂತು ಎಷ್ಟು ಹೊತ್ತು ಕುದಿಸಿದೆ ಎಂದು ಕೇಳಿದರು. ಚೀಟಿಯಲ್ಲಿದ್ದಷ್ಟು ಎಂದೆ. ಚೀಟಿ ತೋರಿಸು ಎಂದರು. ಗದ್ದಲದಲ್ಲಿ ಎಲ್ಲೋ ಹೋಯಿತು ಎಂದೆ.

ಅವರು ಕೈಯನ್ನು ಚೌಕಟ್ಟಿಗೆ ಆನಿಸಿ ನೆಲ ನೋಡುತ್ತ ನಿಂತರು. ಆಮೇಲೆ ಮೆಲ್ಲಗೆ ಕೇಳಿದರು, “ಅರ್ಧ ತಾಸು ಅಂತ ಬರದಿದ್ನೇನು ನಾ?”

ಆ ಪ್ರಶ್ನೆಯನ್ನು ನಾನು ಕೇಳಿಸಿಕೊಳ್ಳುವ ಮೊದಲೇ ನನ್ನ ತಲೆ ಹೌದೆಂದು ಆಡಿತು. ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಲು ಒಂದು ಕ್ಷಣವಿತ್ತು, ಬಹುಶಃ ಎರಡು ಕ್ಷಣ. ಒಳಗೆ ಹೆಂಗಸರು ಕೆಲಸ ನಿಲ್ಲಿಸಿ ನಮ್ಮ ಮಾತು ಕೇಳುತ್ತಿದ್ದರು. ನಾನು ಸುಮ್ಮನಿದ್ದೆ.

“ಹಂಗಾರ ತಪ್ಪು ನಂದ,” ಎಂದರು ಕಾಕು.

ಅದೇ ಸಂಜೆ ಉಣಕಲ್ಲಿಗೆ ಹೋಗಿ ದೊಡ್ಡಕ್ಕನ ಕಾಲು ಹಿಡಿದು ತಪ್ಪಾಯಿತೆಂದು ಹೇಳಿ ಬಂದರಂತೆ. ಅದನ್ನು ಆಮೇಲೆ ದೊಡ್ಡಕ್ಕನ ಮಗಳೇ ನನಗೆ ಹೇಳಿದಳು. ಎಪ್ಪತ್ತು ವರ್ಷದ ಮುದುಕಿ ಕಾಲು ಮುಟ್ಟಿದರೆ ಏನು ಮಾಡುವುದು ಎಂದು ಅವಳಿಗೂ ಕಸಿವಿಸಿಯಾಗಿತ್ತಂತೆ.

ಅದರ ನಂತರ ಎರಡು ಮೂರು ತಿಂಗಳಿಗೇ ಕೊರೊನಾ ಬಂತು. ಆ ದಿನಗಳಲ್ಲಿ ಚೀನಾ ಎಂಬ ಶಬ್ದಕ್ಕೆ ಜನ ಹೇಗೆ ಮೈ ಸೆಟೆಸುತ್ತಿದ್ದರೆಂದು ಎಲ್ಲರಿಗೂ ಗೊತ್ತು. ನೂರು ವರ್ಷದಿಂದ ಊರಿನ ಹಲ್ಲು ಕಟ್ಟಿದ ಮನೆತನದವರನ್ನು ಹಾಲಿನವನೂ ಗೇಟಿನ ಹೊರಗೆ ನಿಂತೇ ಮಾತಾಡಿಸಿದ. ನನ್ನ ಸುಳ್ಳು ಇರದಿದ್ದರೂ ಅದು ಆಗುತ್ತಿತ್ತು ಎಂದು ನಾನು ನನಗೇ ಹೇಳಿಕೊಂಡಿದ್ದೇನೆ. ಆಗುತ್ತಿತ್ತು. ಆದರೆ ನಮ್ಮ ಓಣಿಯ ಜನಕ್ಕೆ ಆಡಿಕೊಳ್ಳಲು ಒಂದು ಕತೆ ತಯಾರಿತ್ತು, ಅದನ್ನು ತಯಾರು ಮಾಡಿಕೊಟ್ಟವಳು ನಾನು.

ಲಾಕ್‌ಡೌನ್ ಸಡಿಲಾದ ಮೇಲೆ ಅವರು ದವಾಖಾನೆ ಮುಚ್ಚಿ, ಮನೆ ಖಾಲಿ ಮಾಡಿ, ಕಲಕತ್ತೆಯ ಮಗಳ ಮನೆಗೆ ಹೊರಟರು. ಸಾಮಾನು ಲಾರಿಗೆ ಏರಿಸುವಾಗ ನಾನು ಹೋಗಿ ನಿಂತಿದ್ದೆ. ಕಾಕು ಒಳಗಿದ್ದರು. ಡಾಕ್ಟರರು ನನ್ನ ಹತ್ತಿರ ಬಂದು, ಇಲ್ಲಿಯೇ ಇದ್ದುಬಿಡಬಹುದಿತ್ತು, ಆದರೆ ಆಕೆಗೆ ತನ್ನ ಮೇಲೆ ನಂಬಿಕೆ ಹೋಗಿದೆ ಎಂದರು. ಉಪ್ಪು ಹಾಕಿದೆನೋ ಇಲ್ಲವೋ ಎಂದು ಮೂರು ಸಲ ನೋಡುತ್ತಾಳೆ, ಗ್ಯಾಸ್ ಬಂದ್ ಮಾಡಿದೆನೇ ಎಂದು ಬೀದಿಯಿಂದ ತಿರುಗಿ ಬರುತ್ತಾಳೆ, ತನಗೆ ಮರೆವಿನ ರೋಗ ಹತ್ತಿದೆ ಎಂದು ತಾನೇ ಮಗಳಿಗೆ ಫೋನ್ ಮಾಡಿ ಹೇಳಿದ್ದಾಳೆ ಎಂದರು. ನಾಲ್ಕು ಕಡಕ್ ರೊಟ್ಟಿಯ ಕಟ್ಟು ಒಯ್ದಿದ್ದೆ, ದಾರಿಗೆ ಆಗುತ್ತದೆ ಎಂದು ಅವರ ಕೈಗಿಟ್ಟು ಬಂದೆ.

ದೊಡ್ಡಕ್ಕ ಮತ್ತೆ ಕೇಂದ್ರಕ್ಕೆ ಬಂದಳು, ಆದರೆ ಒಂದು ವರ್ಷದೊಳಗೆ ನೆಲಕ್ಕೆ ಕೂರಲು ಆಗದಂತಾಯಿತು. ಆಗ ನಾನು ಒಲೆಗಳನ್ನು ಕಟ್ಟೆಗೆ ಏರಿಸಿದೆ. ಹೊಸ ಹೆಂಗಸರು ನಿಂತು ಬಡಿಯುವುದನ್ನು ಹದಿನೈದೇ ದಿನದಲ್ಲಿ ಕಲಿತರು. ದೊಡ್ಡಕ್ಕನಿಗೆ ನಿಲ್ಲುವುದಕ್ಕೂ ಬೆನ್ನು ಕೊಡಲಿಲ್ಲ. ಈಗ ಅವಳು ಕಿಟಕಿಯ ಹತ್ತಿರ ಕುರ್ಚಿಯಲ್ಲಿ ಕುಳಿತು ರೊಟ್ಟಿ ಎಣಿಸಿ ಕಟ್ಟು ಕಟ್ಟುತ್ತಾಳೆ. ಚಳಿಗಾಲದಲ್ಲಿ ಅವಳನ್ನು ಬಸ್ಸಿನಿಂದ ಇಳಿಸಿಕೊಳ್ಳಲು ಇಬ್ಬರು ಹೋಗಬೇಕು.

ಕುಳಿತಲ್ಲಿ ಅವಳು ಕತೆ ಹೇಳುತ್ತಿದ್ದಳು. ಹೊಸದಾಗಿ ಬಂದವರಿಗೆ ಚೀನೀ ಕಷಾಯದ ಕತೆ ತಪ್ಪದೆ ಹೇಳುತ್ತಿದ್ದಳು. ಹೇಳುತ್ತ ಹೇಳುತ್ತ ಅದು ನಗೆಯ ಕತೆಯಾಗಿತ್ತು. ಅದರಲ್ಲಿ ಕಾಕು ಕಣ್ಣು ಕಾಣದ, ತಾಸಿನ ಲೆಕ್ಕ ಬಾರದ ಅರಳುಮರುಳು ಮುದುಕಿ. ಎಲ್ಲರೂ ನಗುತ್ತಿದ್ದರು, ನಾನು ಒಳಗೆ ಹೋಗುತ್ತಿದ್ದೆ. ಹೋದ ವರ್ಷ ಒಂದು ಮಧ್ಯಾಹ್ನ ಆ ಕತೆ ಮುಗಿದ ಮೇಲೆ ಹೊಸ ಹುಡುಗಿಯೊಬ್ಬಳು, ಅಂಥವರನ್ನು ಊರಲ್ಲಿ ಇಟ್ಟುಕೊಂಡಿದ್ದೇ ತಪ್ಪು ಎಂದಳು. ದೊಡ್ಡಕ್ಕ ಅದಕ್ಕೂ ತಲೆಯಾಡಿಸಿದಳು. ಆ ದಿನ ನನಗೆ ತಡೆಯಲಾಗಲಿಲ್ಲ. ಎಲ್ಲರೂ ಮನೆಗೆ ಹೋಗುವವರೆಗೆ ಕಾದು, ಅವಳ ಕುರ್ಚಿಯ ಮುಂದೆ ನೆಲದ ಮೇಲೆ ಕುಳಿತು ಎಲ್ಲವನ್ನೂ ಹೇಳಿದೆ. ಕುಕ್ಕರು, ನಾಲ್ಕು ಸೀಟಿ, ಬೆಂಕಿಗೆ ಹಾಕಿದ ಚೀಟಿ, ಬಾಗಿಲಲ್ಲಿ ಆಡಿಸಿದ ತಲೆ.

ವಿಷ ಕುಡಿಸಿದ್ದಕ್ಕೆ ಸಿಟ್ಟಾಗುತ್ತಾಳೆ ಎಂದುಕೊಂಡಿದ್ದೆ. ಅವಳು ಅದರ ಬಗ್ಗೆ ಮಾತೇ ಎತ್ತಲಿಲ್ಲ. ಬಹಳ ಹೊತ್ತು ತನ್ನ ಮೊಣಕಾಲನ್ನು ಸವರುತ್ತ ಕುಳಿತಳು.

“ಆ ಮುದುಕಿ ನನ್ನ ಕಾಲ ಹಿಡದಿದ್ಲು,” ಎಂದಳು ಕೊನೆಗೆ. “ನಾ ಇಷ್ಟ್ ವರ್ಷ ಆಕಿನ್ನ ಬೈಕೋತ ಕುಂತೇನಿ. ನನ್ನ ಬಾಯಿಲೆ ಬೈಸಿದಿ ನೀ.”

ನಾನು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ನನಗೆ ಹೇಳಿ ಉಪಯೋಗವಿಲ್ಲ, ಯಾರಿಗೆ ಹೇಳಬೇಕೋ ಅವರಿಗೆ ಹೇಳು ಎಂದಳು.

ನಂಬರು ಹುಡುಕಲು ಎರಡು ವಾರವಾಯಿತು. ಹಳೇ ಹುಬ್ಬಳ್ಳಿಯಲ್ಲಿ ಡಾಕ್ಟರರಿಗೆ ಹಲ್ಲಿನ ಅಚ್ಚು ಮಾಡಿಕೊಡುತ್ತಿದ್ದವರೊಬ್ಬರ ಹತ್ತಿರ ಮಗಳ ನಂಬರು ಸಿಕ್ಕಿತು. ಎರಡು ವಾರ ಬೇಕಿರಲಿಲ್ಲ. ಆ ಅಚ್ಚಿನವರು ಹಳೇ ಹುಬ್ಬಳ್ಳಿಯಲ್ಲೇ ಇದ್ದಾರೆಂದು ನನಗೆ ಮೊದಲೇ ಗೊತ್ತಿತ್ತು, ನಾನು ನಿಧಾನ ಮಾಡಿದೆ. ಒಂದು ಭಾನುವಾರ ಬೆಳಗ್ಗೆ ದೊಡ್ಡಕ್ಕನ ಎದುರಿಗೇ ಕುಳಿತು ಫೋನ್ ಹಚ್ಚಿದೆ. ಮಗಳು ಎತ್ತಿ, ಹುಬ್ಬಳ್ಳಿಯಿಂದ ಎಂದು ತಿಳಿದು, ತಾಯಿಗೆ ಕೊಟ್ಟಳು. ಡಾಕ್ಟರರು ಹಿಂದಿನ ವರ್ಷ ತೀರಿಕೊಂಡಿದ್ದರು ಎಂಬುದು ಆಗ ನನಗೆ ತಿಳಿಯಿತು.

ಕಾಕುವಿನ ಧ್ವನಿ ಸಣ್ಣದಾಗಿತ್ತು. ನನ್ನ ಗುರುತು ಹಿಡಿದರು, ರೊಟ್ಟಿ ಹೇಗೆ ನಡೆದಿದೆ ಎಂದು ಕೇಳಿದರು. ಕನ್ನಡ ಮಾತಾಡಿ ಎಷ್ಟೋ ತಿಂಗಳಾಯಿತು ಎಂದು ನಕ್ಕರು. ನಾನು ಬೇರೆ ಮಾತಿಗೆ ಹೋದರೆ ಮತ್ತೆ ಬಾಯಿ ಬರುವುದಿಲ್ಲವೆಂದು ಒಂದೇ ಉಸಿರಿಗೆ ಹೇಳಿದೆ. ಚೀಟಿಯಲ್ಲಿ ಒಂದೂವರೆ ತಾಸು ಎಂದೇ ಇತ್ತು. ಅಷ್ಟು ಹೊತ್ತು ಕುದಿಸದೆ ಕೊಟ್ಟವಳು ನಾನು, ಚೀಟಿ ಸುಟ್ಟವಳೂ ನಾನು.

ಆ ಕಡೆ ಹಿಂದೆ ಎಲ್ಲೋ ಟ್ರಾಮಿನ ಗಂಟೆಯಂಥ ಸದ್ದು ಕೇಳಿಸಿತು.

“ಒಂದೂವರೆ ಅಂತನ ಬರದಿದ್ದೆ?” ಎಂದರು.

“ಹೌದ್ರಿ ಕಾಕು.”

“ಹಂಗಾರ ನನ್ನ ತಲಿ ನೆಟ್ಟಗ ಇತ್ತು.”

ಆಮೇಲೆ, ಯಾರಿಗೋ ಬೇರೆಯವರಿಗೆ ಹೇಳುವಂತೆ, ತಂದೆಯ ಪುಸ್ತಕವನ್ನು ಕಲಕತ್ತೆಗೆ ಬಂದ ವಾರವೇ ತಮ್ಮನಿಗೆ ಕೊಟ್ಟುಬಿಟ್ಟೆ ಎಂದರು. ತನ್ನ ಕೈಯಲ್ಲಿ ಅದು ಇರಬಾರದು ಎನ್ನಿಸಿತಂತೆ. ತಮ್ಮ ಅಂಗಡಿ ಬದಲಿಸುವಾಗ ಅದು ಎಲ್ಲಿ ಹೋಯಿತೋ, ಈಗ ಸಿಗುತ್ತಿಲ್ಲ. ಗಂಡನಿಗೆ ಕೊನೆಯ ವರ್ಷ ಬೆನ್ನು ನೋವು ಬಹಳವಿತ್ತು, ಕುದಿಸಿ ಕೊಡು ಎಂದು ಅವರು ಕೇಳಿದ್ದರು, ಹೆದರಿಕೆಗೆ ಕೊಡಲಿಲ್ಲ ಎಂದರು. ಇಷ್ಟನ್ನೂ ಸಿಟ್ಟಿಲ್ಲದೆ ಹೇಳಿದರು. ಸಿಟ್ಟಿದ್ದರೆ ನನಗೆ ಹಗುರಾಗುತ್ತಿತ್ತೇನೋ. ನಾನು ತಪ್ಪಾಯಿತು ಎಂದೆ. ಎಷ್ಟು ಸಲ ಎಂದೆನೋ ಗೊತ್ತಿಲ್ಲ.

“ಇರ್ಲಿ,” ಎಂದರು. “ಆಕಿ ಟೊಂಕ ಹೆಂಗೈತಿ?”

ಚಲೋ ಇಲ್ಲ ಎಂದೆ. ಅವರು ಹ್ಞೂಂ ಎಂದು ಫೋನ್ ಇಟ್ಟರು. ಎದುರಿಗೆ ದೊಡ್ಡಕ್ಕ ಕೈ ಚಾಚಿಕೊಂಡು ಕುಳಿತಿದ್ದಳು. ಅವಳಿಗೂ ಮಾತಾಡಬೇಕಿತ್ತು, ನಾನು ಕೊಡುವುದನ್ನೇ ಮರೆತಿದ್ದೆ.

ಮುಂದಿನ ವಾರ ನಾನು ಮತ್ತೆ ಹಚ್ಚಿದೆ. ಯಾರೂ ಎತ್ತಲಿಲ್ಲ. ಇನ್ನೆರಡು ಸಲ ಮಾಡಿ ಬಿಟ್ಟೆ. ಒಂದು ತಿಂಗಳಾದ ಮೇಲೆ, ಮಧ್ಯಾಹ್ನದ ಊಟದ ಹೊತ್ತಿನಲ್ಲಿ, ದೊಡ್ಡಕ್ಕ ಕಿಟಕಿಯ ಹತ್ತಿರ ತನ್ನ ಫೋನಿನಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದುದು ಕೇಳಿಸಿತು. ಬೆಳಗ್ಗೆ ಎದ್ದ ಕೂಡಲೆ ಕಾಲು ಭಾರ ಎನ್ನುತ್ತಿದ್ದಳು, ಚಳಿಗೆ ಹೆಚ್ಚು ಎನ್ನುತ್ತಿದ್ದಳು. ಆಮೇಲೆ ಏನೋ ಕೇಳಿ ನಕ್ಕಳು. ತನ್ನ ಮಗಳ ಕೈಯಲ್ಲಿ ಕಾಕುವಿನ ನಂಬರು ಹಾಕಿಸಿಕೊಂಡಿದ್ದಾಳೆ ಎಂದು ತಿಳಿಯಿತು.

ಈಗ ವಾರಕ್ಕೊಮ್ಮೆ ಇಬ್ಬರೂ ಮಾತಾಡುತ್ತಾರೆ. ಕಷಾಯದ ಮಾತು ಬರುವುದಿಲ್ಲ, ಬಿಸಿನೀರಿನ ಚೀಲ ಹೇಗಿಡಬೇಕು, ಮಲಗಿಕೊಂಡೇ ಕಾಲು ಹೇಗೆ ಎತ್ತಬೇಕು ಎಂದು ಅಲ್ಲಿಂದ ಹೇಳಿಕೊಡುತ್ತಾರೆ, ಇವಳು ಕುರ್ಚಿಯಲ್ಲೇ ಮಾಡಿ ನೋಡುತ್ತಾಳೆ. ಹೊಸ ಹುಡುಗಿಯರಿಗೆ ಆ ಹಳೆಯ ಕತೆಯನ್ನು ಹೇಳುವುದನ್ನು ಬಿಟ್ಟಿದ್ದಾಳೆ, ಅದರ ಬದಲಿಗೆ ನನ್ನ ಕತೆಯನ್ನೂ ಹೇಳಿಲ್ಲ. ಅವರು ಮಾತಾಡುವಾಗ ನಾನು ಅದೇ ಕೋಣೆಯಲ್ಲಿ ರೊಟ್ಟಿ ತಿರುವಿ ಹಾಕುತ್ತಿರುತ್ತೇನೆ. ಒಮ್ಮೆಯೂ ಫೋನನ್ನು ನನ್ನ ಕೈಗೆ ಕೊಟ್ಟಿಲ್ಲ, ಕೊಡು ಎಂದು ನಾನೂ ಕೇಳಿಲ್ಲ.